ಅಡುಗೆಯವಳ ಎಲೆ

ನಮ್ಮ ಸೀಮೆಯಲ್ಲಿ ಮದುವೆ ಹೇಗಾಯಿತು ಅಂತ ಯಾರೂ ಕೇಳುವುದಿಲ್ಲ, ಬೀಗರ ಊಟ ಹೇಗಿತ್ತು ಅಂತ ಕೇಳುತ್ತಾರೆ. ಮುಹೂರ್ತಕ್ಕೆ ತಡವಾಗಿ ಬಂದವರು, ಮುಹೂರ್ತಕ್ಕೆ ಬರದೇ ಹೋದವರು ಎಲ್ಲರೂ ಬೀಗರ ಊಟದ ದಿನ ಮಾತ್ರ ಹೊತ್ತಿಗೆ ಮುಂಚೆಯೇ ಬಂದು ಶಾಮಿಯಾನದ ನೆರಳಿನಲ್ಲಿ ಕೂತಿರುತ್ತಾರೆ. ಮದುವೆ ಮುಗಿದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವ ದಿನ ಅದು. ಮಂಡ್ಯದಿಂದ ಮಳವಳ್ಳಿಯವರೆಗೆ ಯಾವ ಊರಿಗೆ ಹೋದರೂ ಆ ದಿನದ ಮರ್ಯಾದೆಯೆಲ್ಲ ಸಾರಿನ ದಬರಿಯಲ್ಲೇ ಇರುತ್ತದೆ. ಉಪ್ಪು ಖಾರ ಒಂಚೂರು ಹೆಚ್ಚುಕಡಿಮೆಯಾದರೆ, ಆ ಮದುವೆಯ ಹುಡುಗಿಗೆ ಮಕ್ಕಳಾಗಿ ಆ ಮಕ್ಕಳು ಸ್ಕೂಲಿಗೆ ಹೋಗುವಷ್ಟಾದರೂ ಜನ ಆ ಸಾರಿನ ಮಾತು ಬಿಡುವುದಿಲ್ಲ.

ಇಂಥ ಊಟಕ್ಕೆ ಒಲೆ ಹಚ್ಚುವವರು ಗಂಡಸರು. ಹೆಂಗಸರನ್ನೂ ಕರೆಯುತ್ತಾರೆ, ಬೆಳ್ಳುಳ್ಳಿ ಸುಲಿಯುವುದಕ್ಕೆ, ಈರುಳ್ಳಿ ಹೆಚ್ಚುವುದಕ್ಕೆ, ಕೊನೆಗೆ ಪಾತ್ರೆ ಉಜ್ಜುವುದಕ್ಕೆ. ಮನೆಯಲ್ಲಿ ಐದು ಜನಕ್ಕೆ ಬೇಯಿಸಿದರೆ ಅದು ಹೆಂಗಸಿನ ಕೆಲಸ, ಛತ್ರದಲ್ಲಿ ಐನೂರು ಜನಕ್ಕೆ ಬೇಯಿಸಿದರೆ ಅದು ಗಂಡಸಿನ ಕಸುಬು. ಸೌಟು ಉದ್ದವಾದ ಕೂಡಲೇ ಹಿಡಿಯುವ ಕೈ ಬದಲಾಗುತ್ತದೆ. ಇದು ಯಾಕೆ ಹೀಗೆ ಅಂತ ನಾನು ಬಹಳ ಜನರನ್ನು ಕೇಳಿದ್ದೇನೆ. ಎಲ್ಲರೂ ನನ್ನನ್ನು ಒಂಥರಾ ನೋಡಿ, ಕಾಫಿ ಕುಡೀತೀಯಾ ಅಂತ ಕೇಳಿದ್ದಾರೆ.

ನಾನು ಮದ್ದೂರಿನ ಹತ್ತಿರ ಹುಟ್ಟಿ ಹಲಗೂರಿನ ಕಡೆಗೆ ಸೊಸೆಯಾಗಿ ಬಂದವಳು. ಮದುವೆಯಾದ ಮೇಲೆ ಒಂದಷ್ಟು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋದೆ. ಬೆಳಕು ಹರಿಯುವ ಹೊತ್ತಿಗೆ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು, ಟಿಫನ್ ಬಾಕ್ಸ್ ಹಿಡಿದು ಓಡುತ್ತಿದ್ದೆ. ಅಷ್ಟು ವರ್ಷವೂ ನಾನು ಹೊಲಿದದ್ದು ಶರ್ಟಿನ ಕಾಲರ್ ಮಾತ್ರ. ಒಂದು ಪೂರ್ತಿ ಶರ್ಟನ್ನು ಇವತ್ತಿಗೂ ಹೊಲಿದಿಲ್ಲ. ಸೂಪರ್ವೈಸರ್ ಒಬ್ಬ ಬಚ್ಚಲಿಗೆ ಹೋಗಿ ಬರಲು ಇಷ್ಟು ಹೊತ್ತಾ ಅಂತ ಎಲ್ಲರೆದುರು ಕೂಗಿದ ದಿನ, ಅವನಿಗೆ ಹೇಳಬೇಕಾದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿ ಮನೆಗೆ ಬಂದೆ. ನನ್ನ ಗಂಡ ಬೈಯಲಿಲ್ಲ. ಅವರದು ತಣ್ಣನೆಯ ಸ್ವಭಾವ, ಬೈಯುವ ಕೆಲಸವನ್ನು ನಮ್ಮ ಮನೆಯಲ್ಲಿ ನಾನೇ ನೋಡಿಕೊಳ್ಳುತ್ತೇನೆ.

ಇನ್ನು ಅಕ್ಕ. ಅಕ್ಕ ಅಂದರೆ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾವಿಬ್ಬರೂ ಬೇಕಾದಷ್ಟು ಜಗಳ ಆಡಿದ್ದೇವೆ, ಬೇರೆ ಮನೆಯನ್ನೂ ಮಾಡಿಕೊಂಡಿದ್ದೇವೆ, ಆದರೆ ನಡುವಿನ ಗೋಡೆಗೆ ಒಂದು ಬಾಗಿಲು ಬಿಡಿಸಿಕೊಂಡಿದ್ದೇವೆ. ಮಾತು ಕಡಿಮೆಯ ಹೆಂಗಸು. ಅಕ್ಕ ಮಸಾಲೆ ಹುರಿಯುತ್ತಿದ್ದರೆ ಬೀದಿಯಲ್ಲಿ ಹೋಗುವವರು ನಿಂತು, ಇವತ್ತು ಏನು ವಿಶೇಷ ಅಂತ ಕೇಳುತ್ತಿದ್ದರು. ಊರಿನಲ್ಲಿ ಯಾವ ಬಾಡೂಟವಿದ್ದರೂ ಅಡುಗೆಯವನು ಬಂದವನೇ ಅಕ್ಕನನ್ನು ಕರೆಸುತ್ತಿದ್ದ. ಮಸಾಲೆಗೆ ಏನೇನು ಎಷ್ಟೆಷ್ಟು ಅಂತ ಅಕ್ಕ ಹೇಳುವುದು, ರುಬ್ಬಿಸಿ ಕೊಡುವುದು, ಆಮೇಲೆ ಹಿಂದೆ ಹೋಗಿ ನಿಲ್ಲುವುದು. ಊಟ ಮಾಡಿದವರು ಆ ಮನುಷ್ಯನ ಬೆನ್ನು ತಟ್ಟಿ ಹೋಗುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ನಾನು ಒಂದು ದಿನ ಅಕ್ಕನಿಗೆ ಹೇಳಿದೆ. "ಮಸಾಲೆ ನಿಂದು, ಕೈ ನಿಂದು. ಆ ಮನ್ಸ ಯಾಕಕ್ಕ ನಡುವೆ? ನಾವೇ ಮಾಡಾನ ನಡಿ."

"ನಂಗೂ ಅನ್ನುಸ್ತದೆ ಕಣಮ್ಮಿ. ಕೇಳೋರ್ಯಾರು ನಮ್ಮ?" ಅಂದಳು ಅಕ್ಕ. ಬೇಡ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ನಮ್ಮ ಸ್ವಸಹಾಯ ಸಂಘದಲ್ಲಿ ಮೈಮುರಿದು ದುಡಿಯುವ ಕೆಲವು ಹೆಂಗಸರು ಸೇರಿಕೊಂಡರು. ಮಳವಳ್ಳಿಯ ಶಾಮಿಯಾನ ಅಂಗಡಿಯಿಂದ ದಬರಿ, ಸೌಟು, ಹಿಟ್ಟಿನ ಕೋಲುಗಳನ್ನು ಬಾಡಿಗೆಗೆ ತಂದೆವು. ಮುದ್ದೆ ತಿರುವುವ ಕೋಲಿಗೆ ತೋಳಿನ ಬಲ ಬೇಕು, ಅದು ಹೆಂಗಸರ ಕೈಲಾಗುವ ಕೆಲಸವಲ್ಲ ಅಂತ ಗಂಡಸರು ಹೇಳುತ್ತಿದ್ದರು. ಕಬ್ಬಿನ ಗದ್ದೆಯಲ್ಲಿ ಹೊರೆ ಹೊತ್ತ ತೋಳುಗಳಿಗೆ ಹಿಟ್ಟು ತಿರುವುವುದು ಕಷ್ಟವಾಗಲಿಲ್ಲ. ಇಬ್ಬರು ದಬರಿಯ ಎರಡೂ ಕಡೆ ನಿಂತು ಮಾತಾಡುತ್ತಲೇ ತಿರುವಿಬಿಡುತ್ತಿದ್ದರು. ಫೋನು, ಬಾಡಿಗೆ, ಸಾಮಾನು ತರುವುದು, ಚೌಕಾಸಿ, ಇದೆಲ್ಲ ನನ್ನ ಪಾಲಿಗೆ. ಒಲೆ ಅಕ್ಕನದು.

ಮೊದಲನೆಯ ಕೆಲಸ ಕಿರುಗಾವಲಿನಲ್ಲಿ ಸಿಕ್ಕಿತು. ಹೊಸ ಮನೆ ಕಟ್ಟಿದವರು ಗೃಹಪ್ರವೇಶದ ಮಾರನೆಯ ದಿನ ನೆಂಟರಿಗೆ ಬಾಡೂಟ ಇಟ್ಟುಕೊಂಡಿದ್ದರು. ಬೀಗರ ಊಟದಷ್ಟು ದೊಡ್ಡದಲ್ಲ. ನಮಗೂ ಕೈ ಪಳಗಲಿ ಅಂತ ಒಪ್ಪಿಕೊಂಡೆವು. ಬೆಳಿಗ್ಗೆಯಿಂದ ಎಲ್ಲ ಸರಿಯಾಗೇ ಇತ್ತು. ಸಾರು ಕುದಿಯುವ ಹೊತ್ತಿಗೆ ಅಕ್ಕ ಕೈ ಅಂದಾಜಿನಲ್ಲಿ ಉಪ್ಪು ಹಾಕಿ, ಮುದ್ದೆಯ ಒಲೆ ನೋಡಲು ಆಚೆ ಹೋದಳು. ನಮ್ಮವಳೇ ಇನ್ನೊಬ್ಬಳು, ಅಕ್ಕ ಉಪ್ಪು ಹಾಕುವುದನ್ನು ಮರೆತಳು ಅಂದುಕೊಂಡು, ಒಳ್ಳೇ ಮನಸ್ಸಿನಿಂದಲೇ ತಾನೂ ಹಾಕಿದಳು. ಆ ಸಾರನ್ನು ಯಾರೂ ಬಾಯಿಗೆ ಹಾಕಿ ನೋಡಲಿಲ್ಲ. ಹಾಗೇ ಎಲೆಗೆ ಹೋಯಿತು.

ಮೊದಲನೆಯ ಪಂಕ್ತಿಯವರು ಎರಡು ತುತ್ತು ನುಂಗಿ ನೀರಿನ ಲೋಟಕ್ಕೆ ಕೈ ಹಾಕಿದಾಗಲೇ ನನಗೆ ಗೊತ್ತಾಯಿತು. ಬಿಸಿನೀರು ಸುರಿದೆವು. ಉಪ್ಪು ಇಳಿಯಿತು, ಅದರ ಜೊತೆಗೆ ಸಾರೂ ಇಳಿಯಿತು. ಮನೆಯವರು ಒಳ್ಳೆಯ ಜನ, ಏನೂ ಅನ್ನಲಿಲ್ಲ. ಏನೂ ಅನ್ನದೇ ಇದ್ದದ್ದೇ ನಮಗೆ ಹೆಚ್ಚು ಚುಚ್ಚಿತು. ಕೈ ತೊಳೆಯುತ್ತಿದ್ದ ಒಬ್ಬ ಗಂಡಸು ಮಾತ್ರ ನಮಗೆ ಕೇಳುವ ಹಾಗೆ, "ಗಂಡಸ್ರಾಗಿದ್ರೆ ಒಂದ್ ಸೌಟು ಬಾಯ್ಗಾಕೊಂಡು ನೋಡೋರು ಕಣ್ಲಾ. ಎಂಗಸ್ರು ಎಂಗ್ ನೋಡಾರು?" ಅಂದ.

ಮಾತು ಒರಟಾಗಿದ್ದರೂ ಅವನು ಹೇಳಿದ್ದು ನಿಜವಾಗಿತ್ತು. ನಮ್ಮ ಮನೆಯ ಹೆಂಗಸರು ಒಲೆಯ ಮೇಲಿನದನ್ನು ರುಚಿ ನೋಡುವುದಿಲ್ಲ. ಗಂಡಸರು, ಹಿರಿಯರು, ನೆಂಟರು ಉಣ್ಣುವ ಮುಂಚೆ ಅಡುಗೆ ಮಾಡಿದವಳ ಬಾಯಿಗೆ ಬಿದ್ದರೆ ಅದು ಎಂಜಲು. ವಾಸನೆ ನೋಡಿ, ಕುದಿಯುವ ಸದ್ದು ಕೇಳಿ, ಸಾರಿನ ಮೇಲೆ ತೇಲುವ ಎಣ್ಣೆಯ ಬಣ್ಣ ನೋಡಿ ಹದ ಹೇಳಬೇಕು. ನನ್ನ ತವರಿನಲ್ಲಿ ಇದೆಲ್ಲ ಅಷ್ಟಾಗಿ ಇರಲಿಲ್ಲ. ನಮ್ಮವ್ವ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದಳು. ಆದರೆ ಅಕ್ಕನಿಗೆ ಅದನ್ನು ಹೇಳುವ ಹಾಗಿರಲಿಲ್ಲ.

ಯಾಕೆಂದರೆ ಅಕ್ಕ ಹೊಸದಾಗಿ ಸೊಸೆಯಾಗಿ ಬಂದಾಗ ಒಂದು ಸಲ ಅವರೆಕಾಳಿನ ಸಾರನ್ನು ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೋಡಿದಳಂತೆ. ನಮ್ಮ ಅತ್ತೆ ಅದನ್ನು ಕಂಡರು. ಬೈಯಲಿಲ್ಲ, ಹೊಡೆಯಲಿಲ್ಲ. ಮಡಕೆಯನ್ನು ಎತ್ತಿಕೊಂಡು ಹೋಗಿ ಇಡೀ ಸಾರನ್ನು ಹಸುವಿನ ಕಲಗಚ್ಚಿಗೆ ಸುರಿದು ಬಂದು, ಇನ್ನೊಂದು ಸಲ ಮಾಡು ಅಂದರಂತೆ. ಗದ್ದೆಯಿಂದ ಹಸಿದು ಬಂದ ಗಂಡಸರು ಹೊಸದಾಗಿ ಸಾರು ಕುದಿಯುವ ತನಕ ಜಗುಲಿಯ ಮೇಲೆ ಕಾದರು. ಕಾದವರಿಗೆಲ್ಲ ಯಾಕೆ ತಡವಾಯಿತು ಅಂತ ಗೊತ್ತಿತ್ತು. ಅಕ್ಕ ಅವತ್ತಿನಿಂದ ಬಾಯಿ ಕಟ್ಟಿಕೊಂಡಳು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾದ ಮೇಲೂ ಆ ಕಟ್ಟು ಬಿಚ್ಚಿರಲಿಲ್ಲ.

"ನಾನ್ ನೋಡ್ತೀನಿ ಬುಡಕ್ಕ," ಅಂದೆ ನಾನು. ಆಗುವ ಮಾತಾಗಿರಲಿಲ್ಲ. ನನ್ನ ನಾಲಿಗೆಗೆ ಎಷ್ಟು ಉಪ್ಪಿದ್ದರೂ ಸಾಲದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ನಾನು ಮಜ್ಜಿಗೆಗೂ ಎರಡು ಸಲ ಉಪ್ಪು ಹಾಕಿಕೊಳ್ಳುವವಳು. ಅದೂ ಅಲ್ಲದೆ ಯಾವ ಹೆಂಗಸು ರುಚಿ ನೋಡಿದರೂ ಅಕ್ಕನ ಲೆಕ್ಕದಲ್ಲಿ ಎಂಜಲು ಎಂಜಲೇ. ಕೊನೆಗೆ ಭಾವ ಬರುವುದು ಅಂತಾಯಿತು. ಭಾವ ಅಂದರೆ ಅಕ್ಕನ ಗಂಡ. ಗಂಡಸು ರುಚಿ ನೋಡಿದರೆ ಎಂಜಲಿನ ಮಾತೇ ಬರುವುದಿಲ್ಲವಲ್ಲ.

ಭಾವ ಒಳ್ಳೆಯ ಮನುಷ್ಯ. ನಾಲಿಗೆಯೂ ಒಳ್ಳೆಯದೇ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಒಲೆಯಿಂದ ಮಾರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಸಾರು ಒಂದು ಹದಕ್ಕೆ ಬಂದಾಗ ಅಕ್ಕ ಬಟ್ಟಲಲ್ಲಿ ತಂದು ಕೊಡಬೇಕು. ಅವರು ಕಣ್ಣು ಮುಚ್ಚಿ ಚಪ್ಪರಿಸಿ, "ವಸಿ ಉಪ್ಪು ಬುಡು," ಅಂತಲೋ, "ಸಾಕು, ಇಳ್ಸು," ಅಂತಲೋ ಹೇಳಬೇಕು. ಮೊದಮೊದಲು ಬರೀ ಸಾರು ನೋಡುತ್ತಿದ್ದರು. ಆಮೇಲೆ ಒಂದು ತುಂಡು ಈಲಿ, ಅಂದರೆ ಲಿವರ್, ಇಲ್ಲದೆ ಸಾರಿನ ರುಚಿ ಗೊತ್ತಾಗುವುದಿಲ್ಲ ಅಂತ ಶುರುಮಾಡಿದರು. ನಾವು ನಗುತ್ತಿದ್ದೆವು, ಹಾಕುತ್ತಿದ್ದೆವು. ಅಡುಗೆ ಚೆನ್ನಾಗಿ ಆಗುತ್ತಿತ್ತು, ಒಂದು ಕೆಲಸ ಇನ್ನೊಂದಕ್ಕೆ ದಾರಿ ಮಾಡಿತು, ನಮಗೆ ಅದೇ ಬೇಕಾಗಿತ್ತು.

ಆದರೆ ಛತ್ರಕ್ಕೆ ಬಂದವರ ಕಣ್ಣಿಗೆ ಕಾಣುವುದು ಏನು? ಹೊಗೆಯ ನಡುವೆ ಒಂದಷ್ಟು ಹೆಂಗಸರು ಬೆವರುತ್ತಿದ್ದಾರೆ, ಒಬ್ಬ ಗಂಡಸು ಕುರ್ಚಿಯ ಮೇಲೆ ಕೂತು ಹೀಗಲ್ಲ ಹಾಗೆ ಅನ್ನುತ್ತಿದ್ದಾನೆ. ಜನ ತಮಗೆ ಗೊತ್ತಿರುವ ಹಾಗೆ ಅರ್ಥ ಮಾಡಿಕೊಂಡರು. ಭಾವ 'ಅಡುಗೆ ಯಜಮಾನರು' ಆಗಿಹೋದರು. ಊಟದ ಮಾತಾಡಲು ಬಂದವರು ಅವರನ್ನೇ ಕೇಳಿಕೊಂಡು ಬರತೊಡಗಿದರು. ಎಲೆ ಅಡಿಕೆ, ತೆಂಗಿನಕಾಯಿ ಅವರ ಕೈಗೆ ಹೋಯಿತು. ಪಾಪ, ಭಾವ ಸುಳ್ಳು ಹೇಳುವವರಲ್ಲ. "ನಂದೇನೂ ಇಲ್ಲ ಕಣಪ್ಪ, ಎಲ್ಲಾ ಅವ್ಳೇ ಮಾಡೋದು," ಅನ್ನುತ್ತಿದ್ದರು. ಅದನ್ನು ಕೇಳಿ ಜನ, ಎಂಥ ದೊಡ್ಡ ಮನಸ್ಸು ನೋಡಿ, ಹೆಂಡತಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಅಂತ ಅದಕ್ಕೂ ಅವರನ್ನೇ ಹೊಗಳುತ್ತಿದ್ದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಈರುಳ್ಳಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಅಕ್ಕನಿಗೆ ಏನನ್ನಿಸುತ್ತಿತ್ತು ಅನ್ನುವುದು ನನಗೆ ತಿಳಿದದ್ದು ಮಂಡ್ಯದಿಂದ ವಾಪಸು ಬರುವ ಬಸ್ಸಿನಲ್ಲಿ. ಮಸಾಲೆ ಸಾಮಾನಿಗೆ ಅಂತ ಇಬ್ಬರೂ ಮಂಡ್ಯಕ್ಕೆ ಹೋಗಿದ್ದೆವು. ಅಕ್ಕ ಒಂದೊಂದು ಮೂಟೆಗೂ ಕೈ ಹಾಕಿ, ಚಕ್ಕೆಯನ್ನು ಮುರಿದು ಮೂಸಿ, ಹಳೆಯ ಧನಿಯಾವನ್ನು ಹಿಂದಕ್ಕೆ ತಳ್ಳಿ, ಅಂಗಡಿಯವನನ್ನು ಒಳಗೂ ಹೊರಗೂ ಓಡಾಡಿಸಿದಳು. ಕೊನೆಗೆ ಅವನು ಚೀಲ ಕಟ್ಟುತ್ತಾ, "ಯಾಕೆ ಯಜಮಾನ್ರು ಬರ್ನಿಲ್ಲ? ಅವ್ರ್ ಬಂದಿದ್ರೆ ಒಳ್ಳೇ ಮಾಲ್ ನೋಡ್ಕೊಂಡ್ ಓಗೋರು," ಅಂದ. ಅಕ್ಕ ದುಡ್ಡು ಎಣಿಸಿ ಕೊಟ್ಟು ಚೀಲ ಎತ್ತಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಸಕ್ಕರೆ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿದ್ದಾಗ, ನನ್ನ ಕಡೆ ತಿರುಗದೆ ಮಾತಾಡಿದಳು.

"ನಾನ್ ಸತ್ತೋದ್ರೆ ಏನಂತಾರೆ ಗೊತ್ತಾ ನಿಂಗೆ? ಅಡ್ಗೆ ಯಜಮಾನ್ರ ಎಂಡ್ತಿ ಓಗ್ಬುಟ್ಲು ಅಂತಾರೆ."

"ಸಾಯೋ ಮಾತ್ ಯಾಕಕ್ಕ ಈಗ?"

"ಸಾಯಾಕಿಲ್ಲ ಬುಡು. ಒಂದೇ ಒಂದ್ ಬೀಗರೂಟ, ಈ ಅಡ್ಗೆ ಆಯಮ್ಮಂದು ಅಂತ ಜನ ಅನ್ಬೇಕು. ನಂಗ್ ಅಷ್ಟೇ ಆಸೆ ಇರೋದು. ತಪ್ಪಾ?"

ತಪ್ಪಲ್ಲ ಅಂದೆ. ಅಷ್ಟು ವರ್ಷದಲ್ಲಿ ಅಕ್ಕ ತನಗೆ ಅಂತ ಏನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವರ್ಷದ ಕೊನೆಗೆ ಮದ್ದೂರಿನ ಹತ್ತಿರದ ಒಂದು ಮನೆಯವರು ಬಂದರು. ದೊಡ್ಡ ಮನೆತನ, ಮಗನ ಮದುವೆ, ಬೀಗರ ಊಟ. ಎಂದಿನಂತೆ ಭಾವನ ಎದುರು ಕೂತು ಮಾತಾಡಿ ಹೋದರು. ನಮಗೆ ಅಲ್ಲಿಯ ತನಕ ಸಿಕ್ಕಿದ್ದೆಲ್ಲ ಸಣ್ಣ ಪುಟ್ಟ ಊಟಗಳು. ಬೀಗರ ಊಟ ಅಂತ ಪೂರ್ತಿಯಾಗಿ ಸಿಕ್ಕಿದ್ದು ಅದೇ. ಅದು ಗೆದ್ದರೆ ಮುಂದಿನದೆಲ್ಲ ತಾನಾಗೇ ಬರುತ್ತದೆ, ಸೋತರೆ ಕಿರುಗಾವಲಿನ ಕಥೆಯ ಜೊತೆಗೆ ಇದೂ ಸೇರಿ ನಾವು ಮತ್ತೆ ಬೆಳ್ಳುಳ್ಳಿ ಸುಲಿಯಲು ಹೋಗಬೇಕು. ಇಷ್ಟು ಎಲ್ಲರಿಗೂ ಗೊತ್ತಿತ್ತು.

ಭಾವನಿಗೂ ಗೊತ್ತಿತ್ತು ಅಂದುಕೊಂಡಿದ್ದೆ. ಊಟಕ್ಕೆ ಇನ್ನೇನು ಕೆಲವು ದಿನ ಇರುವಾಗ ಭಾವ ಕಪ್ಪು ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟು, ಕೊರಳಿಗೆ ಮಾಲೆ ಹಾಕಿಕೊಂಡು ಬಂದರು. ಶಬರಿಮಲೆಗೆ ಹೋಗುವ ಗುಂಪಿಗೆ ಸೇರಿದ್ದರು. ಇನ್ನು ಹೋಗಿ ಬರುವ ತನಕ ಬಾಡು ಮುಟ್ಟುವ ಹಾಗಿಲ್ಲ, ಅದು ಬೇಯುವ ಕಡೆ ನಿಲ್ಲುವ ಹಾಗೂ ಇಲ್ಲ. ದೇವಸ್ಥಾನದ ಹತ್ತಿರ ಗುಂಪಿನವರ ಜೊತೆಯಲ್ಲೇ ಇದ್ದು, ಅಲ್ಲೇ ಅಡುಗೆ ಮಾಡಿಕೊಂಡು ಉಣ್ಣುತ್ತಾರೆ.

"ಸ್ವಾಮಿ," ಅಂದೆ ನಾನು. ಮಾಲೆ ಹಾಕಿದವರನ್ನು ಹಾಗೇ ಕರೆಯಬೇಕು, ಎಷ್ಟೇ ಸಿಟ್ಟು ಬಂದಿರಲಿ. "ಬೀಗರೂಟ ಒಪ್ಕೊಂಡಿರೋದು ಗ್ಯಾಪ್ನ ಇರ್ನಿಲ್ವಾ ಸ್ವಾಮಿ?"

"ಇತ್ತು ಕಣಮ್ಮ. ದೇವ್ರ್ ಕೆಲ್ಸ, ನಾಳೆ ನಾಡಿದ್ದು ಅನ್ನಾಕಾಯ್ತದಾ?" ಅಂದರು ಭಾವ. ಮುಖ ನೋಡಿದರೆ ಅವರಿಗೂ ಒಂಥರಾ ಆಗಿತ್ತು. "ಯಾರಾದ್ರೂ ಗಂಡಸ್ರ ಕರ್ಕೊಂಡೋಗಿ. ಒಂದ್ ಬಟ್ಲು ಸಾರು ಕುಡಿಯಾಕೆ ಯಾರ್ ಬರಾಕಿಲ್ಲ?"

ನಾನು ನನ್ನ ಗಂಡನನ್ನು ನೋಡಿದೆ. ಅಕ್ಕ ಬೇಡ ಅಂತ ತಲೆ ಆಡಿಸಿದಳು. ಅದು ಸರಿಯೇ. ನನ್ನ ಗಂಡನಿಗೆ ಮುಂದಿಟ್ಟದ್ದೆಲ್ಲ ಚೆನ್ನಾಗೇ ಇರುತ್ತದೆ. ಉಪ್ಪೇ ಇಲ್ಲದ ಉಪ್ಪಿಟ್ಟನ್ನು ತಿಂದು ಇನ್ನೂ ಸ್ವಲ್ಪ ಹಾಕು ಅಂದವರು ಅವರು. ಸಂಸಾರಕ್ಕೆ ಇಂಥ ಗಂಡನೇ ಸರಿ, ಬೀಗರ ಊಟಕ್ಕೆ ಅಲ್ಲ. ಅಕ್ಕ ಆ ದಿನ ಏನೂ ತೀರ್ಮಾನ ಹೇಳಲಿಲ್ಲ.

ಊಟದ ದಿನ ಬೆಳಗಿನ ಜಾವವೇ ಸಮುದಾಯ ಭವನದ ಹಿಂದೆ ಒಲೆ ಹೂಡಿದೆವು. ಚಳಿ ಇತ್ತು, ಸೌದೆ ಹಸಿ, ಹೊಗೆ ಜಾಸ್ತಿ. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಒಂದು ದಬರಿಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದಳು. ಒಂದರಲ್ಲಿ ಮಟನ್ ಸಾರು, ಒಂದರಲ್ಲಿ ಕೈಮ ಉಂಡೆ, ಇನ್ನೊಂದರಲ್ಲಿ ಬೋಟಿ ಗೊಜ್ಜು. ಬಿಸಿಲೇರುವ ಹೊತ್ತಿಗೆ ಮನೆಯ ಯಜಮಾನರು, ಅಂದರೆ ಮದುವೆ ಗಂಡಿನ ತಂದೆ, ಹಿಂದಕ್ಕೆ ಬಂದು ಖಾಲಿ ಕುರ್ಚಿಯನ್ನು ನೋಡಿದರು.

"ಎಲ್ಲಮ್ಮ ಯಜಮಾನ್ರು?"

"ಇಲ್ಲೇ ಅವ್ರಲ್ಲ, ಒಲೆ ಮುಂದೆ," ಅಂತ ಅಕ್ಕನನ್ನು ತೋರಿಸಿದೆ.

ಅವರು ತಮಾಷೆ ಅಂದುಕೊಂಡು ನಕ್ಕರು. ನಾನು ನಗಲಿಲ್ಲ. ಆಗ ಅವರ ಮುಖದ ನಗುವೂ ನಿಂತಿತು. ಭಾವ ಮಾಲೆ ಹಾಕಿದ್ದಾರೆ ಅಂತ ಹೇಳಿದೆ. ಅವರು ಹೆದರಿಹೋದರು. ಮುಂಗಡ ಮಾತಾಡಿದ್ದು ಒಬ್ಬರ ಹತ್ತಿರ, ಒಲೆ ಮುಂದೆ ನಿಂತಿರುವುದು ಇನ್ನೊಬ್ಬರು, ಬೀಗರು ಆಗಲೇ ಬಸ್ಸಿನಿಂದ ಇಳಿಯುತ್ತಿದ್ದಾರೆ. ಓಡಿಹೋಗಿ ತಮ್ಮ ತಮ್ಮನನ್ನು ರುಚಿ ನೋಡಲು ಕಳಿಸಿದರು. ಆ ಮನುಷ್ಯ ಬೆಳಿಗ್ಗೆಯಿಂದಲೇ ಬೀಗರ ಊಟದ ಸಂತೋಷದಲ್ಲಿದ್ದ. ಸಂತೋಷ ಎಷ್ಟು ಹೆಚ್ಚಾಗಿತ್ತೆಂದರೆ ದಬರಿಯ ಹತ್ತಿರ ನೇರವಾಗಿ ನಿಲ್ಲಲು ಆಗುತ್ತಿರಲಿಲ್ಲ. ಬಟ್ಟಲು ಕೊಟ್ಟರೆ ಅರ್ಧ ಅಂಗಿಯ ಮೇಲೆ ಸುರಿದುಕೊಂಡು, "ಸೂಪರ್ ಕಣಕ್ಕ!" ಅಂದ. ಅದು ಇನ್ನೂ ಮಸಾಲೆ ಬೀಳದ ಬರೀ ಬೆಂದ ನೀರು.

ಅವನನ್ನು ಸಾಗಹಾಕಿದ ಮೇಲೆ ಅಕ್ಕ ಸಾರಿಗೆ ಮಸಾಲೆ ಬಿಟ್ಟು ಕುದಿಸಿದಳು. ಉಪ್ಪು ಹಾಕಿದಳು. ಎಣ್ಣೆ ಮೇಲೆ ಬಂತು. ಆ ಕಡೆ ಮೊದಲನೆಯ ದಬರಿಯ ಮುದ್ದೆ ಕಟ್ಟುತ್ತಿದ್ದರು. ಅಕ್ಕ ಸೌಟು ಕೆಳಗಿಟ್ಟು ಕೈಕಾಲು ತೊಳೆದುಕೊಂಡು ಬಂದು, ಒಂದು ಎಲೆ ಹಾಕು ಅಂದಳು.

"ಯಾರಿಗಕ್ಕ?"

"ನಂಗೆ."

ಒಲೆಯ ಪಕ್ಕದಲ್ಲೇ ಒಂದು ಚೀಲ ಹಾಸಿ ಎಲೆ ಹಾಕಿದೆ. ಅಕ್ಕ ಚಕ್ಕಂಬಕ್ಕಳ ಹಾಕಿ ಕೂತಳು. ಮುದ್ದೆ ಇಟ್ಟೆ, ಸಾರು ಬಿಟ್ಟೆ. ನಮ್ಮ ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ನೋಡುತ್ತಿದ್ದರು. ಅಕ್ಕ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚದೆ, ಎದುರಿನ ಗೋಡೆಯನ್ನು ನೋಡುತ್ತಾ ನುಂಗಿದಳು. ಎರಡನೆಯ ತುತ್ತಿಗೆ ಕೈ ಹಾಕುವಾಗ ಹಿಂದಿನಿಂದ ಕೂಗು ಕೇಳಿಸಿತು.

ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ಬಂದಿದ್ದ ಒಬ್ಬ ಹಿರಿಯರು. ಮದುವೆ ಹೆಣ್ಣಿನ ದೊಡ್ಡಪ್ಪ, ಬೀಗರ ಪೈಕಿಯೇ ದೊಡ್ಡ ತಲೆ. ಬಿಳಿ ಪಂಚೆ, ಗಿರಿಜಾ ಮೀಸೆ.

"ಏನಿದು? ಬೀಗರ್ಗೆ ಎಲೆ ಆಕೋಕ್ ಮುಂಚೆ ಅಡ್ಗೆ ಎಂಗ್ಸು ಉಂಡ್ಕೊಂಡ್ ಕೂತವ್ಳೆ! ಎಂಜ್ಲು ಉಣ್ಣಾಕ್ ಕರ್ದ್ರಾ ನಮ್ಮ?"

ಗಂಡಿನ ತಂದೆ ಓಡಿ ಬಂದರು. ಅವರ ಹಿಂದೆ ಇನ್ನಷ್ಟು ಜನ. ನಮ್ಮ ಕಡೆ ಇಂಥ ಮಾತಿಗೆ ಇಡೀ ಬೀಗರ ಬಸ್ಸು ಊಟ ಬಿಟ್ಟು ಎದ್ದು ಹೋದದ್ದುಂಟು. ಗಂಡಿನ ತಂದೆ ಅಕ್ಕನಿಗೆ ಏಳಮ್ಮ, ಏಳಮ್ಮ ಅಂತ ಕೈ ಮುಗಿದ ಹಾಗೆ ಸನ್ನೆ ಮಾಡುತ್ತಿದ್ದರು. ನನ್ನ ನಾಲಿಗೆಯ ತುದಿಗೆ ಬಂದ ಮಾತು ಹೊರಗೆ ಬಿದ್ದಿದ್ದರೆ ಆ ಮದುವೆ ಅಲ್ಲೇ ಮುರಿಯುತ್ತಿತ್ತೋ ಏನೋ. ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಸುಮ್ಮನಿರು ಅನ್ನುವ ನೋಟ ಅದು. ಸುಮ್ಮನಾದೆ.

ಅಕ್ಕ ಏಳಲಿಲ್ಲ. ಎರಡನೆಯ ತುತ್ತನ್ನು ನುಂಗಿಯೇ ಮಾತಾಡಿದಳು. ಗಟ್ಟಿಯಾಗಿ ಅಲ್ಲ, ಮನೆಯಲ್ಲಿ ಮಾತಾಡುವ ಹಾಗೇ.

"ಅಣ್ಣ, ದಬರಿಗ್ ನಾನ್ ಬಾಯ್ ಇಕ್ಕಿಲ್ಲ. ಬ್ಯಾರೆ ಎಲೇಲಿ ಉಣ್ತಾ ಇವ್ನಿ. ಅಡ್ಗೆ ನಂದು. ಕೆಟ್ರೆ ನೀವ್ ಬಯ್ಯೋದು ನನ್ನ. ನನ್ ಬಾಯ್ಗೆ ಸರಿ ಅನ್ನಿಸ್ದೆ ಇರೋದ ನಿಮ್ ಎಲೆಗ್ ಎಂಗ್ ಬಡುಸ್ಲಿ? ಈಗ್ಲೂ ಉಪ್ಪು ವಸಿ ಕಮ್ಮಿ ಅದೆ. ಅದ ಸರಿ ಮಾಡ್ದೆ ನಾನ್ ಏಳಾಕಿಲ್ಲ."

ದಬರಿ ಕೊತಕೊತ ಅನ್ನುತ್ತಿತ್ತು. ಹಿರಿಯರು ಅಕ್ಕನನ್ನು ನೋಡಿದರು, ಎಲೆಯನ್ನು ನೋಡಿದರು, ದಬರಿಯನ್ನು ನೋಡಿದರು. ಮಟನ್ ಸಾರಿನ ಆವಿ ಅವರ ಮೀಸೆಯ ಕಡೆಗೇ ಹೋಗುತ್ತಿತ್ತು. ಅವರು ಬೆಳಿಗ್ಗೆ ಊರು ಬಿಟ್ಟು ಬಂದವರು, ಹೊತ್ತು ನೆತ್ತಿಯ ಮೇಲೆ ಬಂದಿತ್ತು.

"ಕಾರ ಎಂಗದೆ?" ಅಂತ ಕೇಳಿದರು.

"ಕಾರ ಸರ್ಯಾಗದೆ. ಓಗಿ ಕೂತ್ಕಳಿ ಅಣ್ಣ, ಉಪ್ಪಾಕಿ ಕಳುಸ್ತೀನಿ."

ಹಿರಿಯರು "ಜಾಸ್ತಿ ಆಕ್ಬುಟ್ಟೀಯ, ನಂಗ್ ಬೀಪಿ ಅದೆ," ಅಂದು ತಿರುಗಿ ಹೋದರು. ದೊಡ್ಡವರು ಹೋಗಿ ಎಲೆಯ ಮುಂದೆ ಕೂತರೆ ಉಳಿದವರದು ಇನ್ನೇನು? ಎಲ್ಲರೂ ಹೋಗಿ ಕೂತರು. ನಾನು ಇದನ್ನು ಯಾರಿಗಾದರೂ ಹೇಳಿದರೆ, ಅವತ್ತು ಅಕ್ಕ ಒಂದು ಸಂಪ್ರದಾಯವನ್ನೇ ಮುರಿದಳು ಅಂತ ಹೇಳಲು ಮನಸ್ಸಾಗುತ್ತದೆ. ಆದರೆ ನಿಜ ಹೇಳಬೇಕಲ್ಲ. ಹಿರಿಯರ ಹಸಿವಿಗೂ ಅದರಲ್ಲಿ ಪಾಲಿತ್ತು.

ಅಕ್ಕ ಕೂತಲ್ಲಿಂದಲೇ ನನಗೆ ಉಪ್ಪು ಹಾಕಲು ಹೇಳಿದಳು. ಒಂದು ಹಿಡಿ, ಮತ್ತೆ ಅರ್ಧ. ಇನ್ನೊಂದು ಸೌಟು ಹಾಕಿಸಿಕೊಂಡು ನೋಡಿ, ಸಾಕು ಅಂದಳು. ಎಲೆಗಳಿಗೆ ಸಾರು ಹೋಯಿತು. ಪಂಕ್ತಿಯ ಮೇಲೆ ಪಂಕ್ತಿ ಎದ್ದವು. ಊಟ ಹೇಗಿತ್ತು ಅಂತ ನಾವು ಕೇಳಬೇಕಾಗಿರಲಿಲ್ಲ, ಮೊದಲ ಪಂಕ್ತಿಯಲ್ಲಿ ಉಂಡ ಕೆಲವರು ಅಂಗಿ ಬದಲಾಯಿಸಿಕೊಂಡು ಮೂರನೆಯ ಪಂಕ್ತಿಯಲ್ಲೂ ಕೂತಿದ್ದರು. ಹೊರಡುವ ಮುಂಚೆ ಆ ಹಿರಿಯರು ಗಂಡಿನ ತಂದೆಯ ಹತ್ತಿರ ಗಟ್ಟಿಯಾಗಿ, "ಆ ಎಲೆ ಮುಂದೆ ಕೂತಿದ್ಲಲ್ಲ, ಆಯಮ್ಮನ ನಂಬರ್ ಕೊಡಿ. ನಮ್ಮನೇಲೂ ಒಂದ್ ಊಟ ಅದೆ, ಆಯಮ್ಮನೇ ಮಾಡ್ಲಿ," ಅಂದರು. ಅಕ್ಕ ದಬರಿ ಉಜ್ಜುತ್ತಿದ್ದಳು. ಕೇಳಿಸಿತು ಅಂತ ನನಗೆ ಗೊತ್ತಾದದ್ದು, ಅವಳು ಉಜ್ಜಿದ ಜಾಗವನ್ನೇ ಮತ್ತೆ ಉಜ್ಜತೊಡಗಿದ್ದರಿಂದ.

ಸಂಜೆ ಲಗೇಜ್ ಆಟೋದ ಹಿಂದೆ, ಪಾತ್ರೆಗಳ ನಡುವೆ ಕೂತು ಊರಿಗೆ ಹೊರಟೆವು. ರಸ್ತೆಯ ಎರಡೂ ಕಡೆ ಗದ್ದೆ, ತಣ್ಣನೆಯ ಗಾಳಿ. ಉಳಿದವರು ಒಬ್ಬರ ಹೆಗಲ ಮೇಲೆ ಒಬ್ಬರು ಒರಗಿ ತೂಕಡಿಸುತ್ತಿದ್ದರು. ನನಗೆ ಬೆಳಿಗ್ಗೆಯಿಂದ ಒಂದು ಮಾತು ಕೊರೆಯುತ್ತಿತ್ತು, ಕೇಳಿಯೇ ಬಿಟ್ಟೆ.

"ಅಲ್ಲಕ್ಕ, ಉಪ್ಪು ನೋಡಾಕೆ ಎರಡ್ ತುತ್ತು ಸಾಕಾಗಿತ್ತು. ಆವಪ್ಪ ಅಂಗ್ ಕೂಗಾಡ್ತಿದ್ರೂ, ಎಲೆಗೆ ಸಾರ್ ಓದ್ಮೇಲೂ, ಪೂರ್ತಿ ಮುದ್ದೆ ಮುಗ್ಸೇ ಎದ್ದಲ್ಲ. ಅಷ್ಟ್ ಅಸಿವಾಗಿತ್ತಾ?"

ಅಕ್ಕ ನಾಚಿಕೊಂಡ ಹಾಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು.

"ಅಸಿವಲ್ಲ ಕಣಮ್ಮಿ. ಬಿಸಿ ಇತ್ತು. ನಾನ್ ಮಾಡಿದ್ ಅಡ್ಗೆ ಬಿಸೀಲಿ ಅಂಗಿರ್ತದೆ ಅಂತ ನಂಗ್ ಗೊತ್ತೇ ಇರ್ನಿಲ್ಲ."